ಹನ್ನೊಂದನೇ ನಂಬರಿನ ಅಂಗಿ

ಈ ಸಲ ಯಾರು ಯಾರು ಸಹಿ ಹಾಕಿದರೆಂಬುದು ನನಗೆ ತಿಳಿಯುವುದು
ಪೇಪರಿನಿಂದಲ್ಲ, ಮೂಟೆಯಿಂದ.
ಮೇ ತಿಂಗಳ ಕೊನೆಗೆ ಸೆಕ್ರೆಟರಿ ಅರುಳಪ್ಪ
ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಗಂಟು ಇಟ್ಟುಕೊಂಡು ಬಂದು
ಹೊಂಗೆಮರದ ಕೆಳಗೆ, ನನ್ನ ಗಾಡಿಯ ಹತ್ತಿರ ಬ್ರೇಕು ಹಾಕುತ್ತಾನೆ:
'ಅಕ್ಕ, ಮೂರು ಹೆಸರು ಕೀಳಬೇಕು. ಉಳಿದದ್ದು ಬರೀ ಇಸ್ತ್ರಿ.'

ಹೆಸರು ಕೀಳುವುದೆಂದರೆ ಹೀಗೆ:
ಅಂಗಿಯ ಬೆನ್ನಿಗೆ ಹಳೆ ಪೇಪರು ಹಾಸಿ
ಇದ್ದಿಲ ಪೆಟ್ಟಿಗೆ ಇಟ್ಟು, ಹತ್ತು ಎಣಿಸಿ, ಎತ್ತಿ,
ಅಂಟು ಬಿಸಿಯಿರುವಾಗಲೇ ಉಗುರು ಹಾಕಿ
ಒಂದೊಂದೇ ಅಕ್ಷರ ಸುಲಿಯುವುದು.
ತಡವಾದರೆ ಬಟ್ಟೆ ಸುಟ್ಟೀತು.
ಬೇಗನಾದರೆ ಅಕ್ಷರ ಹರಿದು
ಅರ್ಧ ಆಸಾಮಿ ಅಲ್ಲೇ ಉಳಿದಾನು.

ಕೀಪರ್ ಸುಗುಮಾರ್ ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ,
ಎತ್ತರದ ಚೆಂಡು ಬಂದರೆ ಕೈ ಎತ್ತುವ ಮೊದಲು ಕಣ್ಣು ಮುಚ್ಚುತ್ತಿದ್ದ.
ಹೊಸಬ ಮಣಿಪುರದವನಂತೆ, ಬೆಕ್ಕಿನ ಹಾಗೆ ಹಾರುತ್ತಾನಂತೆ.
ಹಾರಲಿ. ಆದರೆ ಗೋಲು ಕಾಯುವವನಿಗೆ
ಎರಡು ಕೈಗಿಂತ ಮೊದಲು ಒಂದು ಬಾಯಿ ಬೇಕು.
ನಮ್ಮ ಹುಡುಗರಿಗೆ ಬರುವುದು ತಮಿಳು, ಕನ್ನಡ, ಕೆಟ್ಟ ಮಾತು;
ಇವನು ಯಾವುದರಲ್ಲಿ ಕೂಗುತ್ತಾನೆ, 'ಬಿಡು, ನಂದು' ಅಂತ?

ಇನ್ನು ಬೆನೆಡಿಕ್ಟ್. ಮೂವತ್ತಾರು ವರ್ಷ.
ಎರಡು ಕ್ಲಬ್ಬು, ಒಂದು ಆಪರೇಷನ್ನು ಮುಗಿಸಿಕೊಂಡು
ನೀಲಸಂದ್ರಕ್ಕೇ ಮರಳಿದ್ದಾನೆ, ತವರಿಗೆ ಬಂದ ಹಾಗೆ.
ಟೈಲ್ಸ್ ಅಂಗಡಿಯ ಸಾದಿಕ್ ಸಾಬರು ದುಡ್ಡು ಹಾಕಿದ್ದಾರೆ
ಹಳೆ ನೆನಪಿಗೆ.
ನೆನಪು ಓಡುವುದಿಲ್ಲ ಸಾಬರೇ, ಮಂಡಿ ಓಡಬೇಕು.
ಅವನ ನಾಲ್ಕನೇ ನಂಬರಿಗೆ ನಾನು
ಎರಡೆರಡು ಸಲ ಪೆಟ್ಟಿಗೆ ಎಳೆದದ್ದು ಬೇರೆ ವಿಷಯ.

ಕೊನೆಗೆ ಉಳಿಸಿಕೊಂಡದ್ದು ಹನ್ನೊಂದು.
ಚಿಟ್ಟಿಬಾಬು.
ಆರು ವರ್ಷ ಎಡಗಡೆಯ ಗೆರೆ ಹಿಡಿದು ಓಡಿದವನು.
ಗೋಲಾದಾಗ ಸುಣ್ಣದ ದೂಳಿನೊಳಗೆ ನಿಂತು
ಮೇಲೆ ನೋಡುತ್ತಿದ್ದ, ನಾನು ಕೂತ ಕಡೆಗೆ.
ನನ್ನ ಬೆನ್ನ ಹಿಂದೆ ಗಡಿಯಾರ ಇದೆಯೆಂದು
ಮೂರನೇ ವರ್ಷ ತಿಳಿಯಿತು.

ಬ್ಯಾಂಕಿನ ಟೀಮು ಕರೆಯಿತು. ಕಾಯಂ ಕೆಲಸ, ಪಿಎಫ್,
ಹೆಂಡತಿಗೆ ಆಸ್ಪತ್ರೆ ಕಾರ್ಡು.
ಬೈಯಲು ಬಾಯಿ ತೆರೆದೆ, ಮಾತು ಸಿಗಲಿಲ್ಲ.
ಸಿಕ್ಕ ಮೇಲೆ ಬೈದೆ.

ಅವನ ಹೆಸರು ಸುಲಿಯಲು ಇದ್ದಿಲು ಒಂದು ಹಿಡಿ ಹೆಚ್ಚೇ ಬೇಕಾಯಿತು.
ಸುಲಿದು ಕೊಡವಿ ನೋಡಿದರೆ
ಅಂಗಿಯೆಲ್ಲ ಬಿಸಿಲಿಗೆ ಮಾಸಿ ಬೂದಿಯಾಗಿದೆ,
ಅಕ್ಷರ ಕೂತಿದ್ದಲ್ಲಿ ಮಾತ್ರ ಅಂಗಡಿಯಿಂದ ತಂದ ದಿನದ ನೀಲಿ.
ಮೊದಲಿಗಿಂತ ಚೆನ್ನಾಗಿ ಓದಬಹುದು.

ಹೊಸ ಹನ್ನೊಂದು ತಾನೇ ಬಂದ, ಅಂಗಿ ಕೇಳಿಕೊಂಡು.
ಕೆಜಿಎಫ್ ಹುಡುಗ, ಇನ್ನಾಸಿಮುತ್ತು,
ನುಗ್ಗೆಕಾಯಿಯಂಥ ಕಾಲು.
ಒಂದು ಜೊತೆ ಬೂಟಿಗೆ, ತಿಂಗಳ ಬಸ್ ಪಾಸಿಗೆ ಸಹಿ ಹಾಕಿದ್ದಾನೆ.
ಇಷ್ಟು ಅಗ್ಗಕ್ಕೆ ಸಿಕ್ಕಿದ್ದು
ಬದನೆಕಾಯಿಯಾದರೂ ಹುಳುಕಿರುತ್ತೆ, ಅಂದುಕೊಂಡೆ.

ಅಂಗಿ ಬಿಡಿಸಿ ಓದಿದ.
'ಇದು ಹೋಗಲ್ವಾ ಅಕ್ಕ?'
'ಹೋಗುತ್ತೆ. ಬಿಸಿಲಲ್ಲಿ ಆಡು.'
'ಎಷ್ಟು ದಿನ?'
'ಆರು ವರ್ಷ.'

ನಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ.
ಅಷ್ಟರಲ್ಲಿ ದೃಷ್ಟಿಗೆಂದು ಗಾಡಿಗೆ ಕಟ್ಟಿದ್ದ ನಿಂಬೆಹಣ್ಣಿನ ದಾರ ಕಡಿದು
ಹಣ್ಣು ನೆಲ ಮುಟ್ಟುವ ಮುಂಚೆ
ಅವನ ಎಡಗಾಲು ಅಲ್ಲಿತ್ತು.
ಹವಾಯಿ ಚಪ್ಪಲಿಯ ಮೇಲೆ ಹಣ್ಣು, ಅಲುಗದೆ.
ಅವನ ಕಣ್ಣು ಇನ್ನೂ ಅಂಗಿಯ ಮೇಲೇ.

ನಾನು ಏನೂ ಹೇಳಲಿಲ್ಲ.
ಇಸ್ತ್ರಿ ಮಾಡಿದ್ದ ಅಂಗಿಯನ್ನೇ ಕಿತ್ತುಕೊಂಡು
ಇನ್ನೊಮ್ಮೆ ಮಾಡಿ ಕೊಟ್ಟೆ.

ಸಂಜೆ ಅರುಳಪ್ಪನಿಗೆ ಖಂಡಿತವಾಗಿ ಹೇಳಿದೆ:
ಈ ವರ್ಷವೂ ಏಳನೇ ಜಾಗ, ಬರೆದಿಟ್ಟುಕೋ.
ಆ ಕೀಪರಿಗೆ ನಾಲ್ಕು ಮಾತು ಕಲಿಸು.
ಬೆನೆಡಿಕ್ಟನನ್ನು ಅರ್ಧ ಆಟಕ್ಕೇ ಕೂರಿಸು.
ಹುಡುಗನ ಬಗ್ಗೆ ಕೇಳಿದ. ನೋಡೋಣ ಅಂದೆ.

ಗಿರಾಕಿಗಳೇ, ಗುರುವಾರ ಮೂರೂವರೆಗೆ ಮೊದಲ ಮ್ಯಾಚು.
ಮದುವೆಯೇ ಇರಲಿ, ರೇಷ್ಮೆಯೇ ಇರಲಿ,
ಊಟದ ಹೊತ್ತಿನ ಮೇಲೆ ಯಾರೂ ಬಟ್ಟೆ ತರಬೇಡಿ.